ಲಾರಿಯ ನಾಡಿ ಯಾರ ಕೈಯಲ್ಲಿ?

ತಾಳಿಕೋಟೆಯಿಂದ ತೊಗರಿ ಹೇರಿಕೊಂಡು ಹೊರಟ ಲಾರಿ ಡೋಣಿ ದಾಟುವ ಮೊದಲೇ ನಿಂತಿತೆನ್ನಿ. ಸೈನ್ಯ ಹರಾಜು ಹಾಕಿದ ಹಳೆಯ ಶಕ್ತಿಮಾನ್ ಆಗಿದ್ದರೆ ಮಿಸ್ತ್ರಿ ಪಾನಾ ಹಿಡಿದು ಬಂದು, ಡೀಸೆಲ್ ಪೈಪು ಬಿಚ್ಚಿ ಗಾಳಿ ತೆಗೆದು, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಜಬಲ್ಪುರದ ಆ ಗಾಡಿಗೆ ಕಂಪ್ಯೂಟರಿನ ಹಂಗಿರಲಿಲ್ಲ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಲಾರಿಗಳ ಮಾತೇ ಬೇರೆ. ಹೊಗೆ ಕಡಿಮೆಯಾದದ್ದು ಒಳ್ಳೆಯದೇ. ಅದನ್ನು ಕುಡಿಯುವವರು ನಾವೇ ತಾನೆ? ಆದರೆ ಹೊಗೆ ಅಳೆಯುವ ಸೆನ್ಸರೊಂದು ಕೆಟ್ಟರೂ ಕಂಪ್ಯೂಟರು ಎಂಜಿನ್ನಿನ ಶಕ್ತಿ ಇಳಿಸಬಲ್ಲದು. ಸ್ಕ್ಯಾನರು ಚುಚ್ಚಿದರೆ ‘ಪಿ0087’ ಎಂದೀತು: ಡೀಸೆಲ್ ಒತ್ತಡ ಸಾಲದು. ಫಿಲ್ಟರ್ ಕಟ್ಟಿದೆಯೋ, ಪಂಪು ಸವೆದಿದೆಯೋ, ಎಲ್ಲಾದರೂ ಸೋರುತ್ತಿದೆಯೋ, ಅದನ್ನು ಮಿಸ್ತ್ರಿಯೇ ಹುಡುಕಬೇಕು. ಹುಡುಕಿ ಹೊಸ ಇಂಜೆಕ್ಟರ್ ಕೂಡಿಸಿದರೂ, ಅದರ ಗುರುತಿನ ಸಂಖ್ಯೆಯನ್ನು ಕಂಪ್ಯೂಟರಿಗೆ ತಿಳಿಸಲು ಅನೇಕ ಗಾಡಿಗಳಲ್ಲಿ ಕಂಪೆನಿಯ ಸಾಫ್ಟ್‌ವೇರೇ ಬೇಕು. ಬೆವರು ಮಿಸ್ತ್ರಿಯದು, ಬೀಗದ ಕೈ ಕಂಪೆನಿಯದು! ಲಾರಿ ನಿಂತ ದಿನ ಹಮಾಲನಿಗೆ ಕೂಲಿಯಿಲ್ಲ, ಸಣ್ಣ ವ್ಯಾಪಾರಿಗೆ ಮಾಲಿಲ್ಲ. ಸಾಲದ ಕಂತು ಮಾತ್ರ ನಿಲ್ಲದು.

ಇದು ಬರಿಯ ಗೊಣಗಾಟವಲ್ಲ. 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗವು 14 ಕಾರು ಕಂಪೆನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿ, ಬಿಡಿಭಾಗ, ತಪಾಸಣಾ ಉಪಕರಣಗಳು ಹೊರಗಿನ ಮಿಸ್ತ್ರಿಗಳಿಗೂ ಸಿಗಬೇಕೆಂದು ಆದೇಶಿಸಿತು. ಹಲವು ಕಂಪೆನಿಗಳು ಮೇಲ್ಮನವಿಗೆ ಓಡಿದವು, ಓಡದೆ ಇದ್ದಾವೆಯೆ? ಕಾರಿಗೆ ಕೇಳಿದ ನ್ಯಾಯವನ್ನು ಲಾರಿಗೂ ಕೇಳೋಣ. ಸಾಫ್ಟ್‌ವೇರನ್ನು ಸರಿಯಾದ ಬೆಲೆಗೆ ಎಲ್ಲರಿಗೂ ಮಾರಲಿ. ಸೈನ್ಯದ ಗಾಡಿ ಹರಾಜಾಗುವಾಗ ದುರಸ್ತಿ ಪುಸ್ತಕವನ್ನೂ ಜೊತೆಗೆ ಕೊಡಲಿ. ಐಟಿಐಯಲ್ಲಿ ಈ ವಿದ್ಯೆಯನ್ನು ಕನ್ನಡದಲ್ಲಿ, ರಾತ್ರಿ ತರಗತಿ ಇಟ್ಟು, ದುಡಿಯುವ ಮಿಸ್ತ್ರಿಗೇ ಕಲಿಸಲಿ.