ಮಾತ್ರೆ ಒಂದೇ, ಮಕ್ಕಳು ಇಬ್ಬರು

‘ಮೇಡಂ, ಮಾತ್ರೆ ಹಿಡಿಸಲಿಲ್ಲ. ನಿಲ್ಲಿಸಿಬಿಡೋಣ ಅಂತಿದ್ದೀವಿ.’ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಆ ತಂದೆ ಹೀಗೆಂದಾಗ ನಾನು ನನ್ನ ನೋಟ್‌ಬುಕ್ ತೆಗೆದು ಮುಂದಿಟ್ಟೆ. ತುಮಕೂರಿನಲ್ಲಿ ಮೂರನೇ ತರಗತಿಗೆ ಪಾಠ ಮಾಡುವವಳು ನಾನು. ಅವರ ಮಗನಿಗೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ, ಇದೆ. ಬೆಳಿಗ್ಗೆ 7.30ಕ್ಕೆ ಮೀಥೈಲ್‌ಫೆನಿಡೇಟ್ ಮಾತ್ರೆ ನುಂಗಿ ಶಾಲೆಗೆ ಬರುತ್ತಾನೆ. ನೋಟ್‌ಬುಕ್ಕಿನಲ್ಲಿ ನಾನು ಬರೆದಿಟ್ಟದ್ದು ಇಷ್ಟು: ಹತ್ತು ಗಂಟೆಯ ಗಣಿತದಲ್ಲಿ ಕೊಟ್ಟ ಎಂಟು ಲೆಕ್ಕವನ್ನೂ ಮುಗಿಸಿದ್ದ. ಮಧ್ಯಾಹ್ನ ಎರಡರ ಕನ್ನಡ ಪೀರಿಯಡ್‌ನಲ್ಲಿ ಬರೆದದ್ದು ಒಂದೂವರೆ ಸಾಲು, ಬೆಂಚಿನಿಂದ ಎದ್ದದ್ದು ಐದು ಸಲ.

ಆ ಮಾತ್ರೆಯ ಸಾದಾ ರೂಪ ಕೆಲಸ ಮಾಡುವುದೇ ಸುಮಾರು ನಾಲ್ಕು ಗಂಟೆ. ಮನೆಯವರು ನೋಡುತ್ತಿದ್ದದ್ದು ಔಷಧಿ ಇಳಿದುಹೋದ ಸಂಜೆಯ ಹುಡುಗನನ್ನು. ಆ ಪುಟವನ್ನು ನೋಡಿದ ವೈದ್ಯರು ಹೆಚ್ಚು ಹೊತ್ತು ಇರುವ ಮಾತ್ರೆಗೆ ಬದಲಾಯಿಸಿದರು. ಮಧ್ಯಾಹ್ನವೂ ಅಕ್ಷರ ಸಾಲಿನ ಮೇಲೆ ಕೂತಿತು. ಆದರೆ ಚಿತ್ರಾನ್ನದ ಡಬ್ಬಿ ಮುಚ್ಚಿದಂತೆಯೇ ಮನೆಗೆ ಮರಳತೊಡಗಿತು. ಹಸಿವು ಕುಗ್ಗುವುದು ಈ ಔಷಧಿಯ ಸಾಮಾನ್ಯ ಅಡ್ಡಪರಿಣಾಮ. ತಾಯಿ ಮಾತ್ರೆಗೆ ಮುಂಚೆಯೇ ಹೊಟ್ಟೆತುಂಬ ತಿಂಡಿ ಕೊಟ್ಟು, ಸಂಜೆ ಇನ್ನೊಮ್ಮೆ ಊಟ ಹಾಕುವ ಅಭ್ಯಾಸ ಮಾಡಿಕೊಂಡರು.

ಅದೇ ತರಗತಿಯಲ್ಲಿ, ಕಿಟಕಿ ಪಕ್ಕ ಕೂರುವ ಹುಡುಗಿಗೂ ಅದೇ ಮಾತ್ರೆ. ಅವಳು ಮಂಕಾದಳು. ಬರೆದದ್ದನ್ನೇ ಅಳಿಸಿ ಅಳಿಸಿ ಹಾಳೆ ತೂತು ಮಾಡಿದಳು, ಉಗುರು ಕಚ್ಚಿದಳು. ಗಮನದ ಕೊರತೆಯ ಜೊತೆಗೆ ಅವಳಲ್ಲಿ ಆತಂಕವೂ ಇತ್ತು. ವೈದ್ಯರು ಡೋಸ್ ಇಳಿಸಿ, ವರ್ತನಾ ಚಿಕಿತ್ಸೆ ಸೇರಿಸಿದರು. ಎಡಿಎಚ್‌ಡಿ ಇರುವ 579 ಮಕ್ಕಳನ್ನು 14 ತಿಂಗಳು ಗಮನಿಸಿ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಆತಂಕವಿರುವ ಮಕ್ಕಳಿಗೆ ವರ್ತನಾ ಚಿಕಿತ್ಸೆ ವಿಶೇಷವಾಗಿ ನೆರವಾದದ್ದು ಕಂಡುಬಂದಿತ್ತು.

ಮಗುವಿನಿಂದ ಮಗುವಿಗೆ ಕಾಣುವ ಈ ವ್ಯತ್ಯಾಸ ಹೊಸದಲ್ಲ. 1937ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬ್ರಾಡ್ಲಿ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧಿ ಕೊಟ್ಟಾಗ, ಓದಿನಲ್ಲಿ ಎದ್ದುಕಾಣುವ ಸುಧಾರಣೆ ಆದದ್ದು ಅರ್ಧದಷ್ಟು ಮಕ್ಕಳಲ್ಲಿ. ಜ್ವರದ ಸಿರಪ್ಪಿನಂತೆ ಮಗುವಿನ ತೂಕ ನೋಡಿ ಮೀಥೈಲ್‌ಫೆನಿಡೇಟ್ ಡೋಸ್ ಹೇಳಿಬಿಡಲು ಬರುವುದಿಲ್ಲ. ಕಡಿಮೆಯಿಂದ ಶುರುಮಾಡಿ, ನೋಡುತ್ತ ನೋಡುತ್ತ ಏರಿಸಬೇಕು. ಪಿತ್ತಜನಕಾಂಗದ ಕಿಣ್ವ ಔಷಧಿಯನ್ನು ಒಡೆಯುವ ವೇಗ ಎಲ್ಲರಲ್ಲೂ ಒಂದೇ ಅಲ್ಲ. ಶಾಲೆಗೆ ಸೇರುವ ಮುಂಚಿನ ಪುಟ್ಟ ಮಕ್ಕಳಲ್ಲಿ, ಆಟಿಸಂ ಅಥವಾ ಬೌದ್ಧಿಕ ನ್ಯೂನತೆ ಜೊತೆಗಿರುವವರಲ್ಲಿ ಫಲ ಕಡಿಮೆ, ಅಡ್ಡಪರಿಣಾಮ ಹೆಚ್ಚು. ರಾತ್ರಿ ಹನ್ನೊಂದರವರೆಗೆ ಮೊಬೈಲ್ ಹಿಡಿದ ಮಗು ಬೆಳಿಗ್ಗೆ ತೂಕಡಿಸಿದರೆ ಆ ದೂರು ಮಾತ್ರೆಗೆ ಹೋಗುತ್ತದೆ. ವಾರದಲ್ಲಿ ಮೂರು ದಿನ ಮರೆತು, ‘ಗುಣವಿಲ್ಲ’ ಎನ್ನುವವರೂ ಇದ್ದಾರೆ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ: ಹತ್ತು ನಿಮಿಷದ ತಪಾಸಣೆಯಲ್ಲಿ ವೈದ್ಯರಿಗೆ ಕಾಣದ್ದು ತರಗತಿಯಲ್ಲಿ ನಮಗೆ ಕಾಣುತ್ತದೆ. ಅದನ್ನು ಬರೆದಿಡುವುದು ಶಿಕ್ಷಕರ ಕೆಲಸವೇ. ‘ಮಾತ್ರೆ ತಗೊಂಡಿಲ್ವೇನೋ?’ ಎಂದು ಎಲ್ಲರೆದುರು ಕೇಳುವುದು ಮಾತ್ರ ಖಂಡಿತ ನಮ್ಮ ಕೆಲಸವಲ್ಲ. ಆ ಮಾತು ಮಗುವಿನ ಮನಸ್ಸನ್ನು ಎಷ್ಟು ಮುದುಡಿಸುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪೋಷಕರಲ್ಲಿ ಒಂದು ವಿನಂತಿ. ಔಷಧಿಯನ್ನು ನೀವೇ ನಿಲ್ಲಿಸಬೇಡಿ, ನೀವೇ ಹೆಚ್ಚಿಸಲೂಬೇಡಿ. ಮಾತ್ರೆ ಕೊಟ್ಟ ಹೊತ್ತು, ಊಟ, ನಿದ್ದೆ, ಮಗು ಹೇಗಿತ್ತು ಎಂಬುದನ್ನು ಎರಡು ವಾರ ಶಾಲೆಯ ಡೈರಿಯಲ್ಲಿ ಬರೆಯಿರಿ. ಶಾಲೆಯ ಹೊತ್ತಿನದನ್ನು ಟೀಚರ್ ಬರೆಯಲಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಡೈರಿ ನಿಮ್ಮ ಕೈಯಲ್ಲಿರಲಿ.