ಇಂಗ್ಲಿಷ್ ಪತ್ರಕ್ಕೆ 5 ಅಂಕ ಬರುತ್ತೆ, ಆದರೆ ಪತ್ರ ಬರೆಯೋದು ಬರುತ್ತಾ?

ಮಾರ್ಚ್ ಹತ್ತಿರ ಬಂತೆಂದರೆ ಹೈಸ್ಕೂಲುಗಳಲ್ಲಿ ಒಂದು ಕಸರತ್ತು ಶುರುವಾಗುತ್ತದೆ. 'ಫ್ರಮ್' ಎಲ್ಲಿ ಬರೆಯಬೇಕು, 'ಟು' ಎಲ್ಲಿ, ದಿನಾಂಕ ಯಾವ ಸಾಲಿನಲ್ಲಿ, ಕೊನೆಗೆ 'ಯುವರ್ಸ್ ಫೇತ್‌ಫುಲಿ'ಯೋ 'ಯುವರ್ಸ್ ಲವಿಂಗ್ಲಿ'ಯೋ? ಹತ್ತನೇ ತರಗತಿಯ ಮಕ್ಕಳು ವಿಶೇಷ ತರಗತಿಗಳಲ್ಲಿ ಕೂತು ಇದನ್ನೇ ಮತ್ತೆ ಮತ್ತೆ ಬರೆಯುತ್ತಾರೆ. ಶಿಕ್ಷಕರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ 'ಪಾಸಿಂಗ್ ಪ್ಯಾಕೇಜ್'ಗಳು ಹರಿದಾಡುತ್ತವೆ. ಅದರಲ್ಲಿ ಪತ್ರಕ್ಕೆ ಖಾಯಂ ಜಾಗ.

ಕಾರಣ ಸರಳ. ಕರ್ನಾಟಕದ ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷ್‌ನ ಲಿಖಿತ ಪರೀಕ್ಷೆ 80 ಅಂಕಗಳದ್ದು. ಅದರಲ್ಲಿ ಪತ್ರಕ್ಕೆ 5 ಅಂಕ. ಪಾಠ ಅರ್ಥವಾಗದಿದ್ದರೂ, ವ್ಯಾಕರಣ ಕೈಕೊಟ್ಟರೂ, ಪತ್ರದ ಚೌಕಟ್ಟು ಸರಿಯಿದ್ದರೆ ಒಂದೆರಡು ಅಂಕವಾದರೂ ಸಿಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ಎಂದರೆ ಎದೆ ನಡುಗುವ ಮಗುವಿಗೆ ಆ ಒಂದೆರಡು ಅಂಕ ದೊಡ್ಡ ಆಸರೆ. ಪಾಸು, ಫೇಲಿನ ನಡುವಿನ ಅಂತರ ಎಷ್ಟೋ ಸಲ ಅಷ್ಟೇ ಇರುತ್ತದೆ.

ಆದರೆ ಹೀಗೆ ಕಲಿತ ಮಗು ಪರೀಕ್ಷೆ ಮುಗಿದ ಮೇಲೆ ಒಂದು ಅರ್ಜಿಯನ್ನಾದರೂ ಸ್ವಂತವಾಗಿ ಬರೆಯಬಲ್ಲದೇ?

ಬೇರೆ ಬೋರ್ಡ್‌ಗಳಲ್ಲೂ ಪತ್ರ

ಇದು ಕರ್ನಾಟಕಕ್ಕೆ ಮಾತ್ರ ಸೇರಿದ ವಿಷಯವಲ್ಲ. ಸಿಬಿಎಸ್‌ಇ 10ನೇ ತರಗತಿಯ ಇಂಗ್ಲಿಷ್‌ನಲ್ಲಿ ಔಪಚಾರಿಕ ಪತ್ರಕ್ಕೆ 5 ಅಂಕ, ಪದಮಿತಿ 100ರಿಂದ 120. ಗೆಳೆಯನಿಗೋ ಅಜ್ಜಿಗೋ ಬರೆಯುವ ಖಾಸಗಿ ಪತ್ರ ಅಲ್ಲೀಗ ಇಲ್ಲ. ಐಸಿಎಸ್‌ಇಯಲ್ಲಿ ಪತ್ರಕ್ಕೆ 10 ಅಂಕ, ಜೊತೆಗೆ ನೋಟಿಸ್ ಮತ್ತು ಇ-ಮೇಲ್‌ಗೆ ಬೇರೆ ಪ್ರಶ್ನೆ. ಮಹಾರಾಷ್ಟ್ರದ ಎಸ್‌ಎಸ್‌ಸಿಯಲ್ಲೂ ಪತ್ರಲೇಖನ ಇದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಬರೆಯುವುದು ಇದೇ ಪರೀಕ್ಷೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷ್ ಪತ್ರ. ಮೂರು ಭಾಷೆಗಳ ರೀತಿ ರಿವಾಜು ಆ ಮಕ್ಕಳ ತಲೆಯಲ್ಲಿ ಒಟ್ಟಿಗೇ ಓಡುತ್ತಿರುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. ಅಂದರೆ ಇವತ್ತು ಎಸ್‌ಎಸ್‌ಎಲ್‌ಸಿ ಬರೆಯುವ ಮಗು ಕಾಗದದ ಮೇಲೆ ಹತ್ತು ವರ್ಷ ಇಂಗ್ಲಿಷ್ ಕಲಿತಿದೆ. ಹತ್ತು ವರ್ಷದ ಕಲಿಕೆ ಕೊನೆಗೆ ಒಂದು ಬಾಯಿಪಾಠದ ಪತ್ರಕ್ಕೆ ಬಂದು ನಿಲ್ಲುವುದಾದರೆ, ಎಲ್ಲೋ ಲೆಕ್ಕ ತಪ್ಪಿದೆ.

ಚೌಕಟ್ಟು ವೈರಿಯಲ್ಲ

ಇಲ್ಲಿ ಚೌಕಟ್ಟನ್ನೇ ದೂರುವುದು ಸುಲಭ. ಆದರೆ ಅದು ಪೂರ್ತಿ ಸರಿಯಲ್ಲ. ಮನೆಯಲ್ಲಿ ಯಾರೂ ಇಂಗ್ಲಿಷ್ ಬಲ್ಲವರಿಲ್ಲದ ಮಗುವಿಗೆ ಖಾಲಿ ಹಾಳೆ ಕೊಟ್ಟು 'ನಿನ್ನ ಭಾವನೆ ಬರೆ' ಎಂದರೆ ಅದು ಪೆನ್ನು ಕೆಳಗಿಡುತ್ತದೆ. ವಿಳಾಸ, ದಿನಾಂಕ, ವಿಷಯ, ಸಂಬೋಧನೆ, ಒಕ್ಕಣೆ, ಸಹಿ ಎಂಬ ಏಣಿ ಇದ್ದರೆ ಹತ್ತಲು ಧೈರ್ಯ ಬರುತ್ತದೆ.

ಅಲ್ಲದೆ ಚೌಕಟ್ಟಿನ ಪ್ರತಿ ಸಾಲಿಗೂ ಒಂದು ಕೆಲಸವಿದೆ. ದಿನಾಂಕ ಇದ್ದರೆ 'ಇಷ್ಟು ದಿನವಾದರೂ ಉತ್ತರ ಬಂದಿಲ್ಲ' ಎಂದು ಮುಂದೆ ಕೇಳಬಹುದು. ವಿಷಯದ ಸಾಲು ಇದ್ದರೆ ಗುಮಾಸ್ತರಿಗೆ ಪತ್ರ ಯಾವ ಫೈಲಿಗೆ ಹೋಗಬೇಕೆಂದು ತಿಳಿಯುತ್ತದೆ. ಕಳಿಸಿದವರ ವಿಳಾಸ ಇಲ್ಲದಿದ್ದರೆ ಉತ್ತರ ಬರುವ ದಾರಿಯೇ ಇಲ್ಲ. ಸಂಪಾದಕರಿಗೆ ಬರುವ ಪತ್ರಗಳಲ್ಲೂ ಅಷ್ಟೇ. ಊರು, ವಾರ್ಡು, ದಿನ ಯಾವುದೂ ಇಲ್ಲದ ದೂರನ್ನು ಸುದ್ದಿ ಡೆಸ್ಕ್‌ನಲ್ಲಿ ಯಾರೂ ಬಳಸಲಾಗದು.

ಈ 'ಏಕೆ' ಎನ್ನುವುದನ್ನು ತರಗತಿಯಲ್ಲಿ ಹೇಳಲು ಐದು ನಿಮಿಷ ಸಾಕು. ಅದನ್ನು ಬಿಟ್ಟು 'ಇಲ್ಲಿ ಕಾಮಾ ಹಾಕು, ಅಲ್ಲಿ ಗೆರೆ ಬಿಡು' ಎಂದಷ್ಟೇ ಹೇಳಿದಾಗ ಚೌಕಟ್ಟು ಮಂತ್ರವಾಗುತ್ತದೆ. ಮಂತ್ರದಲ್ಲಿ ಒಂದು ಅಕ್ಷರ ಮರೆತರೂ ಮುಂದಿನದು ಬರುವುದಿಲ್ಲ.

ಕನ್ನಡದ ಅರ್ಜಿ, ಇಂಗ್ಲಿಷ್‌ನ ಅರ್ಜಿ

ನಮ್ಮ ಮಕ್ಕಳು ಎಡವುವುದು ಕಾಗುಣಿತದಲ್ಲಿ ಮಾತ್ರ ಅಲ್ಲ. ಕನ್ನಡದ ಅರ್ಜಿ ಹೇಗೆ ನಡೆಯುತ್ತದೆ ನೋಡಿ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎಂದು ಶುರುವಾಗಿ, ಕಾರಣಗಳೆಲ್ಲ ಒಂದೊಂದಾಗಿ ಬಂದು, 'ಆದ್ದರಿಂದ ದಯಮಾಡಿ' ಎಂದು ಕೊನೆಯಲ್ಲಿ ಬೇಡಿಕೆ ಬರುತ್ತದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವಂತೆ, ಬೇಡಿಕೆ ಪತ್ರದ ಕೊನೆಗೆ.

ಇಂಗ್ಲಿಷ್‌ನ ಕಚೇರಿ ಪತ್ರದಲ್ಲಿ ಸಾಮಾನ್ಯವಾಗಿ ಏನು ಬೇಕು ಎನ್ನುವುದು ಮೊದಲ ಒಂದೆರಡು ವಾಕ್ಯಗಳಲ್ಲೇ ಬರುತ್ತದೆ. ಕಾರಣ, ವಿವರ ಆಮೇಲೆ. ಮಗು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ಗೆ ಇಳಿಸಿದಾಗ ಬೇಡಿಕೆ ಕೆಳಗೆ ಉಳಿದುಬಿಡುತ್ತದೆ. ಇದು ದಡ್ಡತನವಲ್ಲ, ಎರಡು ಭಾಷೆಗಳ ಮರ್ಯಾದೆಯ ರೀತಿ ಬೇರೆ ಬೇರೆ, ಅಷ್ಟೇ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದರೆ ಮಗುವಿಗೆ ಥಟ್ಟನೆ ಹೊಳೆಯುತ್ತದೆ.

ಮುಕ್ತಾಯವೂ ಹಾಗೆಯೇ. ಹೆಸರು ಹೇಳದೆ 'ಡಿಯರ್ ಸರ್' ಎಂದು ಶುರುಮಾಡಿದರೆ 'ಫೇತ್‌ಫುಲಿ', ಹೆಸರು ಹಿಡಿದು ಸಂಬೋಧಿಸಿದರೆ 'ಸಿನ್ಸಿಯರ್ಲಿ' ಎನ್ನುವುದು ಬ್ರಿಟಿಷ್ ರೂಢಿ. ಹಿಂದೆ ನಮ್ಮಲ್ಲೂ ಹಿರಿಯರಿಗೆ 'ತೀರ್ಥರೂಪ', ಕಿರಿಯರಿಗೆ 'ಚಿರಂಜೀವಿ' ಎಂದು ಬರೆಯುತ್ತಿರಲಿಲ್ಲವೇ? ಯಾರಿಗೆ ಯಾವ ಮಾತು ಎಂಬ ತಿಳಿವಳಿಕೆ ಕನ್ನಡದ ಮಗುವಿಗೆ ಹೊಸದಲ್ಲ. ಅದನ್ನು ಇಂಗ್ಲಿಷ್ ಪಾಠಕ್ಕೆ ಜೋಡಿಸುವ ಕೆಲಸವಷ್ಟೇ ಬಾಕಿ.

ತನ್ನ ಹೆಸರೇ ಇಲ್ಲದ ಪತ್ರ

ಬೋರ್ಡ್ ಪರೀಕ್ಷೆಯ ಪತ್ರದಲ್ಲಿ ಇನ್ನೊಂದು ವಿಚಿತ್ರವಿದೆ. ಮಗು ತನ್ನ ಹೆಸರು ಬರೆಯುವಂತಿಲ್ಲ. 'ನೀವು ಇಂಥ ಊರಿನ ಸರ್ಕಾರಿ ಪ್ರೌಢಶಾಲೆಯ ಇಂಥವರು ಎಂದು ಭಾವಿಸಿಕೊಳ್ಳಿ' ಎಂದು ಪ್ರಶ್ನೆಯೇ ಹೆಸರು, ವಿಳಾಸ ಕೊಡುತ್ತದೆ. ಮೌಲ್ಯಮಾಪಕರಿಗೆ ವಿದ್ಯಾರ್ಥಿಯ ಗುರುತು ಸಿಗಬಾರದು ಎನ್ನುವುದು ನ್ಯಾಯವಾದ ಕಾರಣವೇ.

ಆದರೆ ತರಗತಿಯಲ್ಲಿ ಆ ನಿರ್ಬಂಧ ಇಲ್ಲವಲ್ಲ? ಅಲ್ಲೂ ವರ್ಷವಿಡೀ ಕಲ್ಪಿತ ಹೆಸರಿನಲ್ಲಿ, ಕಲ್ಪಿತ ಊರಿನ ಕಲ್ಪಿತ ಕಸದ ರಾಶಿಯ ಬಗ್ಗೆಯೇ ಬರೆಸುತ್ತೇವೆ. ಶಾಲೆಯ ಎದುರಿಗಿರುವ ನಿಜವಾದ ಗುಂಡಿಯ ಬಗ್ಗೆ, ನಿಲ್ಲದೇ ಹೋಗುವ ಬಸ್ಸಿನ ಬಗ್ಗೆ, ಜಮೆಯಾಗದ ವಿದ್ಯಾರ್ಥಿವೇತನದ ಬಗ್ಗೆ ಮಗು ಸ್ವಂತ ಸಹಿ ಹಾಕಿ ಬರೆಯುವ ಸಂದರ್ಭ ಬರುವುದೇ ಅಪರೂಪ. ಜ್ವರವೇ ಇಲ್ಲದಿದ್ದರೂ 'ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್' ಎಂದು ರಜಾ ಅರ್ಜಿ ಬರೆದು ಬೆಳೆದ ತಲೆಮಾರುಗಳು ನಮ್ಮವು. ಆ ಪತ್ರದಲ್ಲಿ ಭಾಷೆ ಇತ್ತು, ಹೇಳಬೇಕಾದ ಮಾತು ಇರಲಿಲ್ಲ.

ಎಐ ಕಾಲದಲ್ಲಿ ಇದೆಲ್ಲ ಬೇಕಾ?

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಪ್ರಶ್ನೆ ಸಹಜ. ತಪ್ಪಿಲ್ಲದ ಇಂಗ್ಲಿಷ್ ಪತ್ರ ಈಗ ಮೊಬೈಲ್‌ನಲ್ಲೇ ಸಿಗುತ್ತದೆ. ಅತ್ತ 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಯಿತು. ಕಾಗದದ ಕಾಲ ಮುಗಿಯಿತು ಎನಿಸಬಹುದು.

ಆದರೆ ಅರ್ಜಿಯ ಕಾಲ ಮುಗಿದಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ನ್ನೇ ತೆಗೆದುಕೊಳ್ಳಿ. ಅದರಡಿ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬಹುದು. ಮಾಹಿತಿ ಏಕೆ ಬೇಕು ಎಂದು ಕಾರಣ ಹೇಳಬೇಕಿಲ್ಲ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಸಿಗಬೇಕು. ಆದರೆ ಯಾವ ಕಚೇರಿಗೆ, ಯಾವ ಅವಧಿಯ, ಯಾವ ದಾಖಲೆ ಬೇಕೆಂದು ಖಚಿತವಾಗಿ ಕೇಳಲು ಬಾರದಿದ್ದರೆ ಆ ಹಕ್ಕು ಕೈಗೆ ಸಿಗದು. ಏನು ಕೇಳಬೇಕೆಂದು ಚಾಟ್‌ಬಾಟ್‌ಗೆ ಹೇಳಬೇಕಾದವರೂ ನಾವೇ, ಅದು ಬರೆದದ್ದು ಸರಿಯಿದೆಯೇ ಎಂದು ಓದಿ ಸಹಿ ಹಾಕಬೇಕಾದವರೂ ನಾವೇ.

ಬೆಂಗಳೂರಿನವರಿಗೆ ಪಾಲಿಕೆಗೆ ಕನ್ನಡದಲ್ಲಿ ಬರೆಯುವ ಅನುಕೂಲವಿದೆ. ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಕನ್ನಡಿಗರಿಗೆ ಎಷ್ಟೋ ಸಲ ಇಂಗ್ಲಿಷೇ ಆಸರೆ. ಹಾಗಾಗಿ ಇದು ಬರೀ 5 ಅಂಕದ ಮಾತಲ್ಲ.

ಏನು ಮಾಡಬಹುದು?

ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಿಲ್ಲ. ಪತ್ರ ಬರೆಯುವ ಮುನ್ನ ಮಗುವಿಗೆ ಮೂರು ಪ್ರಶ್ನೆ ಕೇಳಿ: ಯಾರಿಗೆ ಬರೆಯುತ್ತಿದ್ದೀಯ? ಅವರಿಂದ ಏನಾಗಬೇಕು? ಅದಕ್ಕೆ ಅವರಿಗೆ ಯಾವ ವಿವರ ಗೊತ್ತಿರಬೇಕು? ಉತ್ತರವನ್ನು ಮೊದಲು ಕನ್ನಡದಲ್ಲೇ ಹೇಳಲಿ. ಆಮೇಲೆ ಅದೇ ಮೂರು ಉತ್ತರ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಾಗಲಿ. ಚೌಕಟ್ಟು ಕೊನೆಗೆ ಬರಲಿ. ಪರೀಕ್ಷೆಯಲ್ಲಿ ಪ್ರಶ್ನೆ ಬದಲಾದರೂ ಹೀಗೆ ಕಲಿತ ಮಗು ತಡವರಿಸುವುದಿಲ್ಲ, ಬಾಯಿಪಾಠ ಮಾಡಿದ ಮಗು ತಡವರಿಸುತ್ತದೆ.

ಶಿಕ್ಷಕರು ವರ್ಷಕ್ಕೆ ಒಂದಾದರೂ ನಿಜವಾದ ಪತ್ರ ಬರೆಸಿ, ನಿಜವಾದ ವಿಳಾಸಕ್ಕೆ ಕಳಿಸಬಹುದು. ಅಂಚೆ ಇಲಾಖೆ 2017ರಿಂದ 'ಢಾಯಿ ಆಖರ್' ಹೆಸರಿನ ಪತ್ರ ಬರೆಯುವ ಸ್ಪರ್ಧೆ ನಡೆಸುತ್ತಿದೆ. ಅದರಲ್ಲಿ 18 ವರ್ಷದೊಳಗಿನವರಿಗೆ ಪ್ರತ್ಯೇಕ ವಿಭಾಗವಿದ್ದು, ಇಂಗ್ಲಿಷ್, ಹಿಂದಿಯ ಜೊತೆ ಸ್ಥಳೀಯ ಭಾಷೆಯಲ್ಲೂ ಬರೆಯಬಹುದು. ಇಂಥದ್ದನ್ನೂ ತರಗತಿಗೆ ತರಬಹುದು.

ನಿಮ್ಮ ಮನೆಯಲ್ಲಿ ಈ ವರ್ಷ ಹತ್ತನೇ ತರಗತಿಯ ಮಗು ಇದ್ದರೆ ಮುಂದಿನ ಅರ್ಜಿಯನ್ನು ನೀವು ಬರೆಯಬೇಡಿ. ವಿದ್ಯುತ್ ಬಿಲ್ ತಕರಾರಾಗಲಿ, ಬ್ಯಾಂಕಿನ ವಿಳಾಸ ಬದಲಾವಣೆಯಾಗಲಿ, ಕರಡು ಬರೆಯುವ ಕೆಲಸ ಮಗುವಿಗೆ ಬಿಡಿ. ತಪ್ಪಿದ್ದರೆ ತಿದ್ದಿ, ಸಹಿ ನೀವೇ ಹಾಕಿ ಕಳಿಸಿ. ಉತ್ತರ ಬಂದರೆ ಅದನ್ನೂ ಮಗುವಿಗೆ ಓದಲು ಕೊಡಿ.