ಪುಲಿಗೆರೆಗೆ ಕೊಂಡಿ ಇಲ್ಲವೆಂಬ ತೀರ್ಪು

ಲಕ್ಷ್ಮೇಶ್ವರದ ಬಸದಿ, ಶಾಸನಗಳನ್ನು ಕುರಿತು ಅಂತರ್ಜಾಲದಲ್ಲಿರುವುದು ಅಲ್ಪ, ಇದ್ದುದೂ ಯಾವುದಕ್ಕೂ ಕೂಡಿಕೊಳ್ಳದ ಬಿಡಿ ಪುಟಗಳು ಎಂಬ ತೀರ್ಪು ವಿದ್ವಾಂಸರಿಂದಲೂ ಕೇಳಿಬರುತ್ತಿದೆ. ಯಂತ್ರ ಕಾಣಲಿಲ್ಲ, ಆದ್ದರಿಂದ ಇಲ್ಲ ಎಂಬ ಈ ತರ್ಕ ಎಷ್ಟು ಟೊಳ್ಳೆಂಬುದು ಯಂತ್ರ ನಡೆಯುವ ದಾರಿಯನ್ನು ನೋಡಿದರೆ ತಿಳಿಯುತ್ತದೆ.

ಕ್ರಾಲರ್ ಎಂಬ ತಂತ್ರಾಂಶವು ಮೊದಲೇ ಗೊತ್ತಿರುವ ಕೆಲವು ವಿಳಾಸಗಳಿಂದ ಹೊರಟು, ಅಲ್ಲಿನ ಕೊಂಡಿಗಳನ್ನೇ ಹಿಡಿದು ಮುಂದೆ ಸಾಗುತ್ತದೆ. ಯಾರೂ ಕೊಂಡಿ ಕೊಡದ ಪುಟಕ್ಕೆ, ಬೇರೆ ಬಗೆಯಲ್ಲಿ ವಿಳಾಸ ತಿಳಿಯದ ಹೊರತು, ಅದು ಬರುವುದಿಲ್ಲ. ಬಾರದಿದ್ದರೆ ಆ ಪುಟ ಇತರರಿಗೆ ಕೊಟ್ಟ ಕೊಂಡಿಗಳೂ ಲೆಕ್ಕಕ್ಕೆ ಸೇರುವುದಿಲ್ಲ. ಗದಗಿನಿಂದ ಮುಂಡರಗಿಗೆ ಹೋಗುವ ಡಾಂಬರು ರಸ್ತೆಯನ್ನು ಬಿಟ್ಟು ಕದಲದ ಶಾಸನಾನ್ವೇಷಕನು, ಒಳಹಳ್ಳಿಗಳಲ್ಲಿ ಕಲ್ಲುಗಳೇ ಇಲ್ಲವೆಂದು ವರದಿ ಬರೆದಂತೆ ಇದು.

2000ದಲ್ಲಿ ಆಲ್ಟಾವಿಸ್ಟಾದ ಸಂಗ್ರಹದ 20 ಕೋಟಿಗೂ ಮಿಕ್ಕ ಪುಟಗಳನ್ನು ಪರಿಶೀಲಿಸಿದ ಸಂಶೋಧಕರು, ಜಾಲದ ಆಕಾರ ಬೋ-ಟೈನಂತಿದೆ ಎಂದರು: ನಡುವೆ ಪರಸ್ಪರ ತಲುಪಬಹುದಾದ ತಿರುಳು, ಒಂದು ಕಡೆ ಅದರೊಳಕ್ಕೆ ಕೊಂಡಿಯಿರುವವು, ಇನ್ನೊಂದು ಕಡೆ ಅದರಿಂದ ಕೊಂಡಿ ಪಡೆದವು. ಪಠ್ಯಪುಸ್ತಕಗಳು ಅದನ್ನೇ ಜಾಲದ ಸ್ವರೂಪವೆಂದು ಒಪ್ಪಿಕೊಂಡವು. 2014ರಲ್ಲಿ ಕಾಮನ್ ಕ್ರಾಲ್‌ನ ಸುಮಾರು 350 ಕೋಟಿ ಪುಟಗಳನ್ನು ಅಳೆದವರಿಗೆ ದೊಡ್ಡ ತಿರುಳೇನೋ ಸಿಕ್ಕಿತು. ಆದರೆ ಇಕ್ಕೆಲಗಳ ಪ್ರಮಾಣ ತೀರ ಬೇರೆಯಾಗಿತ್ತು. ಆ ಆಕಾರ ಜಾಲದ ಗುಣಕ್ಕಿಂತ ಸಂಗ್ರಹದ ವಿಧಾನವನ್ನೇ ಬಹಳವಾಗಿ ಅವಲಂಬಿಸಿದೆ ಎಂದು ಅವರು ಬರೆದರು.

ಕನ್ನಡದ ಪಾಡು ಇನ್ನೂ ಕಷ್ಟದ್ದು. ಮುಂಬಯಿ-ಕರ್ನಾಟಕದ ಶಾಸನ ಸಂಪುಟಗಳಲ್ಲಿ ಒಂದು ಶಾಸನವನ್ನು ಇನ್ನೊಂದಕ್ಕೆ ಬೆಸೆಯುವ ಅಡಿಟಿಪ್ಪಣಿಗಳು ತುಂಬಿವೆ. ಅವು ಕೊಂಡಿಗಳಲ್ಲದೆ ಮತ್ತೇನು? ಆದರೆ ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಅಡಗಿದ ಆ ಕೊಂಡಿಗಳನ್ನು ಕ್ರಾಲರ್ ಹಿಡಿಯಲಾರದು. ಯೂನಿಕೋಡ್ ಪೂರ್ವದ ಅಕ್ಷರಗಳಲ್ಲಿರುವ ಪುಟ ಸಿಕ್ಕರೂ ಯಂತ್ರಕ್ಕೆ ಅದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ.

ಸಾಹಿತ್ಯ ಚರಿತ್ರೆ ಇಂಥ ತಪ್ಪು ಮಾಡಲಿಲ್ಲ. ಲಕ್ಕುಂಡಿಯ ಬ್ರಹ್ಮಜಿನಾಲಯದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದಳು. ಅದೇ ಕವಿಯ ಭುವನೈಕರಾಮಾಭ್ಯುದಯ ನಮಗೆ ದೊರೆತಿಲ್ಲ. ಹಾಗೆಂದು ಅದು ಇರಲಿಲ್ಲವೆಂದು ಯಾವ ಚರಿತ್ರಕಾರನೂ ಬರೆದಿಲ್ಲ.

ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಸೀಮೆಯಲ್ಲಿ ಎಣಿಸಿದ ಪುಲಿಗೆರೆ, ಪಂಪನು ತನ್ನ ಕಾವ್ಯಭಾಷೆಯ ನೆಲೆಯೆಂದ ಪುಲಿಗೆರೆ, ಇಂದು ಜಾಲದ ಅಂಚಿನಲ್ಲಿದೆ ಎನ್ನುವವರು ಮೊದಲು ತಾವು ಯಾವ ಪುಟಗಳಿಂದ ಹೊರಟೆವು, ಎಲ್ಲಿ ನಿಲ್ಲಿಸಿದೆವು ಎಂಬುದನ್ನು ಹೇಳಲಿ.